ಸೂರ್ಯನಿಗೆ ಕರೆಂಟು ಎಲ್ಲಿಂದ ಬರುತ್ತದೆ?

ಪ್ರಶ್ನೆ: ನಮ್ಮ ಸೋದರಮಾವ ನಿವೃತ್ತ ಎಲೆಕ್ಟ್ರಿಕಲ್ ಇಂಜಿನಿಯರ್. ಈಚೆಗೆ ಅವರಿಗೆ ‘ವಿದ್ಯುತ್ ವಿಶ್ವ’ ಎಂಬ ವಾದದ ವೀಡಿಯೋಗಳ ಹುಚ್ಚು ಹಿಡಿದಿದೆ. ಸೂರ್ಯ ಬೆಳಗುವುದು ಹೊರಗಿನಿಂದ ಬರುವ ಕರೆಂಟಿನಿಂದಂತೆ. ಶುಕ್ರ ಗ್ರಹ ಗುರುಗ್ರಹದಿಂದ ಸಿಡಿದು ಧೂಮಕೇತುವಾಗಿ ಬಂತಂತೆ. ಇಂದ್ರನ ವಜ್ರಾಯುಧ ಅಂದರೆ ಗ್ರಹಗಳ ನಡುವೆ ಹೊಡೆದ ಸಿಡಿಲಂತೆ. ಅದೇ ಸಿಡಿಲಿಗೆ ಯಾಣದ ಬಂಡೆ ಸುಟ್ಟು ಕಪ್ಪಾಯಿತು, ಭಸ್ಮಾಸುರನ ಕಥೆಯೂ ಅದೇ, ಗೋಕರ್ಣದಲ್ಲಿ ರಾವಣನಿಗೆ ಹೊತ್ತಿಗೆ ಮೊದಲೇ ಸೂರ್ಯ ಮುಳುಗಿದ್ದೂ ಅದೇ ಲೆಕ್ಕ ಅನ್ನುತ್ತಾರೆ. ನಾನು ಬಿಎಸ್ಸಿ ಓದುತ್ತಿದ್ದೇನೆ. ಎದುರು ಮಾತಾಡಿದರೆ ‘ನಿನಗೆ ನಮ್ಮ ಪುರಾಣದ ಮೇಲೆ ನಂಬಿಕೆ ಇಲ್ಲ’ ಅಂತ ಬಾಯಿ ಮುಚ್ಚಿಸುತ್ತಾರೆ. ಇದರಲ್ಲಿ ನಿಜ ಎಷ್ಟು? (ಕುಮಟಾದ ಓದುಗರು)

ಉತ್ತರ: ಮೊದಲು ಯಾಣಕ್ಕೆ ಹೋಗೋಣ. ಸೂರ್ಯ 15 ಕೋಟಿ ಕಿಲೋಮೀಟರ್ ದೂರ. ಯಾಣ ನಿಮ್ಮ ತಾಲೂಕಿನಲ್ಲೇ ಇದೆ, ಕೈಯಿಟ್ಟು ನೋಡಬಹುದು. ‘ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ’ ಅನ್ನುವ ಕಾಲವೂ ಈಗಿಲ್ಲ. ಬಂಡೆಗೆ ಸಾಕಷ್ಟು ಹತ್ತಿರದವರೆಗೆ ಗಾಡಿ ಹೋಗುತ್ತದೆ.

ಭೈರವೇಶ್ವರ ಶಿಖರ ಸುಮಾರು 120 ಮೀಟರ್ ಎತ್ತರ, ಮೋಹಿನಿ ಶಿಖರ ಸುಮಾರು 90 ಮೀಟರ್. ಕಾಡಿನ ನಡುವೆ ಏಕಾಏಕಿ ಎದ್ದು ನಿಂತಿರುವ ಕಪ್ಪು ಗೋಡೆ, ಮೇಲೆ ಚೂಪು ಚೂಪು ತುದಿ. ಸುಟ್ಟ ಹಾಗೇ ಕಾಣುತ್ತದೆ, ಒಪ್ಪೋಣ. ಆದರೆ ಅದು ಯಾವ ಕಲ್ಲು? ಸುಣ್ಣದಕಲ್ಲು. ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಅಘನಾಶಿನಿ ಅಳಿವೆಯಲ್ಲಿ ತೆಗೆಯುವ ಚಿಪ್ಪಿನಲ್ಲಿರುವುದೂ ಅದೇ ವಸ್ತು.

ಚಿಪ್ಪು ಸುಟ್ಟು ಸುಣ್ಣ ಮಾಡುವುದು ನಮ್ಮ ಕರಾವಳಿಯ ಹಳೇ ಕಸುಬು. ಭಟ್ಟಿಯಲ್ಲಿ ಏನಾಗುತ್ತದೆ? ಬಿಸಿ ಸುಮಾರು 900 ಡಿಗ್ರಿಗೆ ಬಂದಾಗ ಚಿಪ್ಪಿನೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. ಉಳಿಯುವುದು ಸುಟ್ಟಸುಣ್ಣ. ಬಣ್ಣ ಬಿಳಿ. ಅದರ ಮೇಲೆ ನೀರು ಹೊಯ್ದರೆ ಭುಸ್ಸೆಂದು ಆವಿ ಏಳುತ್ತದೆ, ಉಂಡೆ ಬಿರಿಯುತ್ತದೆ, ಕೊನೆಗೆ ಹಿಟ್ಟಾಗಿ ಕೂರುತ್ತದೆ. ಈಗ ಮಾವನವರ ಸಿಡಿಲನ್ನು ಯಾಣಕ್ಕೆ ಹೊಡೆಸಿ ನೋಡಿ. ಮಾಮೂಲಿ ಸಿಡಿಲಿನ ದಾರಿಯಲ್ಲೇ ಗಾಳಿ ಸುಮಾರು 30,000 ಡಿಗ್ರಿ ಕಾಯುತ್ತದೆ. ಗ್ರಹದಿಂದ ಗ್ರಹಕ್ಕೆ ಹಾರಿದ ಸಿಡಿಲಿಗೆ ಕೇಳಬೇಕೇ! ಅಂಥದ್ದು ಬಡಿದಿದ್ದರೆ ಬಂಡೆ ಕಪ್ಪಾಗುತ್ತಿರಲಿಲ್ಲ, ಬೆಳ್ಳಗಾಗುತ್ತಿತ್ತು. ಮೊದಲ ಮಳೆಗಾಲಕ್ಕೇ ಗಂಜಿಯಾಗಿ ಚಂಡಿ ಹೊಳೆಯಲ್ಲಿ ಹರಿದುಹೋಗುತ್ತಿತ್ತು.

ಮೇಲ್ಮೈ ಮಾತ್ರ ಸುಟ್ಟಿದೆ ಅಂದರೂ ನಡೆಯುವುದಿಲ್ಲ. ವರ್ಷಕ್ಕೆ 3000 ಮಿಲಿಮೀಟರ್ ದಾಟುವ ಮಳೆ ಬೀಳುವ ಜಾಗ ಅದು. ಮಳೆಹನಿ ಗಾಳಿಯಲ್ಲಿರುವ, ಮಣ್ಣಿನಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿ ಸ್ವಲ್ಪ ಹುಳಿಯಾಗುತ್ತದೆ. ಆ ಹುಳಿನೀರು ಸುಣ್ಣದಕಲ್ಲನ್ನು ಕರಗಿಸುತ್ತದೆ. ಸಂದಿಯಲ್ಲಿ ಇಳಿದು ಸಂದಿಯನ್ನೇ ದೊಡ್ಡದು ಮಾಡುತ್ತದೆ. ಚೂಪು ತುದಿ, ಕಂದಕ, ಭೈರವೇಶ್ವರನ ಗುಹೆ, ಲಿಂಗದ ಮೇಲೆ ತೊಟ್ಟಿಕ್ಕುವ ನೀರು ಎಲ್ಲವೂ ಅದೇ ಕೆಲಸದ ಗುರುತು. ಸಾವಿರಾರು ವರ್ಷದ ಹಿಂದೆ ಇದ್ದ ಮೇಲ್ಮೈ ಇವತ್ತು ಅಲ್ಲಿ ಇಲ್ಲವೇ ಇಲ್ಲ, ಯಾವಾಗಲೋ ತೊಳೆದುಹೋಗಿದೆ.

ಹಾಗಾದರೆ ಭಸ್ಮಾಸುರ? ಕಪ್ಪು ಬಂಡೆ, ಸುತ್ತ ಕಪ್ಪು ಮಣ್ಣು. ನೋಡಿದವರಿಗೆ ಬೂದಿಯ ನೆನಪಾಯಿತು. ತಲೆಯ ಮೇಲೆ ಕೈಯಿಟ್ಟುಕೊಂಡು ಬೂದಿಯಾದ ರಾಕ್ಷಸನ ಕಥೆ ಗೊತ್ತೇ ಇತ್ತು. ಪಕ್ಕದಲ್ಲಿ ಸ್ವಲ್ಪ ಕುಳ್ಳಗೆ ಇನ್ನೊಂದು ಬಂಡೆ ಇತ್ತು, ಅದು ಮೋಹಿನಿಯಾಯಿತು. ಬಂಡೆ ಮೊದಲು, ಕಥೆ ಆಮೇಲೆ. ಮಾವನವರು ಇದನ್ನು ತಿರುಗಾಮುರುಗಾ ಮಾಡಿದ್ದಾರೆ.

ಗೋಕರ್ಣದ ಮಾತು ಇನ್ನೂ ಸ್ವಾರಸ್ಯದ್ದು. ರಾವಣ ಆತ್ಮಲಿಂಗ ಹಿಡಿದು ಬರುತ್ತಿದ್ದಾನೆ, ನೆಲಕ್ಕಿಡುವಂತಿಲ್ಲ. ವಿಷ್ಣು ಚಕ್ರವನ್ನು ಸೂರ್ಯನಿಗೆ ಅಡ್ಡ ಹಿಡಿಯುತ್ತಾನೆ. ಕತ್ತಲಾಯಿತೆಂದು ರಾವಣ ಸಂಧ್ಯಾವಂದನೆಗೆ ಹೊರಡುತ್ತಾನೆ, ಲಿಂಗವನ್ನು ಬ್ರಹ್ಮಚಾರಿ ಮಾಣಿಯ ಕೈಗೆ ಕೊಡುತ್ತಾನೆ. ಆ ಮಾಣಿ ಗಣಪತಿ. ಮೂರು ಸಲ ಕೂಗಿ ಕೆಳಗಿಟ್ಟೇಬಿಡುತ್ತಾನೆ.

ಹಗಲಿನಲ್ಲಿ ಸೂರ್ಯ ಮರೆಯಾಗುವುದಕ್ಕೆ ಕರೆಂಟು ಬೇಕಾಗಿಲ್ಲ, ಚಂದ್ರ ಸಾಕು. 1980ರ ಫೆಬ್ರವರಿ 16ರ ಖಗ್ರಾಸ ಗ್ರಹಣದ ನೆರಳು ಅರಬ್ಬೀ ಸಮುದ್ರ ದಾಟಿ ಭಾರತದ ನೆಲ ಮುಟ್ಟಿದ್ದು ನಮ್ಮ ಅಂಕೋಲಾ ಸುತ್ತಮುತ್ತಲೇ. ಮಧ್ಯಾಹ್ನ ಮೂರೂವರೆ ದಾಟಿತ್ತು, ಕತ್ತಲಾಯಿತು. ನಿಮ್ಮ ಮನೆಯ ಹಿರಿಯರನ್ನು ಕೇಳಿ, ಬಾಗಿಲು ಹಾಕಿಕೊಂಡು ಕೂತವರು ಸಿಕ್ಕೇ ಸಿಗುತ್ತಾರೆ. ಆದರೆ ಆ ಕತ್ತಲು ಇದ್ದದ್ದು ಮೂರು ನಿಮಿಷಕ್ಕೂ ಕಡಿಮೆ. ರಾವಣ ಅರ್ಘ್ಯ ಬಿಡುವಷ್ಟರಲ್ಲಿ ಮತ್ತೆ ಬಿಸಿಲು! ಯಾವುದೋ ಕಾಲದ ಗ್ರಹಣದ ನೆನಪು ಕಥೆಯೊಳಗೆ ಸೇರಿರಬಹುದು, ಅದಕ್ಕೆ ಅಡ್ಡಿಯಿಲ್ಲ. ನನಗೆ ಮುಖ್ಯ ಅನ್ನಿಸುವುದು ಆಮೇಲಿನ ಭಾಗ. ಸಿಟ್ಟಾದ ರಾವಣ ಲಿಂಗದ ಪೆಟ್ಟಿಗೆ, ಮುಚ್ಚಳ, ದಾರ, ಬಟ್ಟೆ ಎಲ್ಲ ಕಿತ್ತೆಸೆಯುತ್ತಾನೆ. ಅವು ಬಿದ್ದಲ್ಲೆಲ್ಲ ಒಂದೊಂದು ಕ್ಷೇತ್ರ: ಕಾರವಾರದ ಹತ್ತಿರ ಸಜ್ಜೇಶ್ವರ, ಕುಮಟಾ ಕಡೆ ಧಾರೇಶ್ವರ, ಹೊನ್ನಾವರ ಕಡೆ ಗುಣವಂತೇಶ್ವರ, ಭಟ್ಕಳ ತಾಲೂಕಿನ ಮುರುಡೇಶ್ವರ. ನೂರು ಕಿಲೋಮೀಟರಿಗೂ ಜಾಸ್ತಿ ಉದ್ದದ ಕರಾವಳಿಯ ಊರುಗಳನ್ನು ಒಂದೇ ಕಥೆ ಗೋಕರ್ಣಕ್ಕೆ ಕಟ್ಟಿಹಾಕಿದೆ. ಈ ಕಥೆ ನೆಲದ ನಕ್ಷೆ. ಇದನ್ನು ಆಕಾಶದ ವರದಿ ಅಂತ ಓದಿದರೆ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಕೈಬಿಡಬೇಕಾಗುತ್ತದೆ. ವೀಡಿಯೋದವರು ಕೈಬಿಟ್ಟಿದ್ದೂ ಅದನ್ನೇ, ಅಲ್ವಾ?

ಈಗ ಶುಕ್ರ. ಈ ವಾದದ ಬೇರು 1950ರಲ್ಲಿದೆ. ರಷ್ಯಾ ಸಾಮ್ರಾಜ್ಯದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಇಮ್ಯಾನುಯೆಲ್ ವೆಲಿಕೋವ್ಸ್ಕಿ ಎಂಬ ಮನೋವೈದ್ಯರು ಆ ವರ್ಷ ಒಂದು ಪುಸ್ತಕ ಬರೆದರು, ಅದು ಬಿಸಿ ಬಿಸಿಯಾಗಿ ಮಾರಾಟವಾಯಿತು. ಗುರುಗ್ರಹದಿಂದ ಹೊರಬಿದ್ದ ಶುಕ್ರ ಸುಮಾರು ಕ್ರಿ.ಪೂ. 1500ರಲ್ಲಿ ಭೂಮಿಯ ಹತ್ತಿರ ಹಾದುಹೋಯಿತು, ಯಹೂದಿಗಳು ಈಜಿಪ್ಟ್ ಬಿಟ್ಟಾಗ ಸಮುದ್ರ ಸೀಳಿದ್ದು ಅದರಿಂದಲೇ ಅನ್ನುವುದು ಅವರ ವಾದ. ಆಮೇಲೆ ಅಮೆರಿಕದ ಡೇವಿಡ್ ಟ್ಯಾಲ್ಬಟ್, ಆಸ್ಟ್ರೇಲಿಯಾದ ವಾಲೇಸ್ ಥಾರ್ನ್‌ಹಿಲ್ ಮುಂತಾದವರು ಅದಕ್ಕೆ ಕರೆಂಟು ಸೇರಿಸಿದರು. ಟ್ಯಾಲ್ಬಟ್ ಪ್ರಕಾರ ಒಂದು ಕಾಲಕ್ಕೆ ಶನಿಗ್ರಹವೇ ಉತ್ತರ ಧ್ರುವದ ನೆತ್ತಿಯ ಮೇಲೆ ನಿಂತು ಬೆಳಗುತ್ತಿತ್ತು, ಅದೇ ಸುವರ್ಣಯುಗ. ಶನಿ ನೆತ್ತಿಯ ಮೇಲಿದ್ದ ಕಾಲವನ್ನು ಸುವರ್ಣಯುಗ ಅಂದರೆ ನಮ್ಮ ಊರಿನ ಜೋಯಿಸರು ಏನನ್ನುತ್ತಾರೋ!

ಇಲ್ಲಿ ಮಾವನವರಿಗೆ ಪುರಾಣದಿಂದಲೇ ಉತ್ತರ ಕೊಡಬಹುದು. ನಮ್ಮಲ್ಲಿ ಶುಕ್ರ ಯಾರ ಮಗ? ಭೃಗುವಿನ ಮಗ. ಬೃಹಸ್ಪತಿಗೂ ಅವನಿಗೂ ಅಪ್ಪ ಮಗನ ಸಂಬಂಧ ಇಲ್ಲ, ಇರುವುದು ಎದುರಾಳಿಗಳ ಸಂಬಂಧ. ಒಬ್ಬ ದೇವತೆಗಳ ಗುರು, ಇನ್ನೊಬ್ಬ ಅಸುರರ ಗುರು. ಬೃಹಸ್ಪತಿಯ ಮಗ ಕಚ. ಅವನು ಶುಕ್ರನ ಹತ್ತಿರ ಮೃತಸಂಜೀವಿನಿ ಕಲಿಯಲು ಹೋದ ಕಥೆಯನ್ನು ಯಕ್ಷಗಾನದ ಆಟ ನೋಡಿದವರಿಗೆಲ್ಲ ಹೊಸದಾಗಿ ಹೇಳಬೇಕಾಗಿಲ್ಲ. ಶುಕ್ರ ಗುರುವಿನಿಂದ ಹುಟ್ಟಿದ ಎನ್ನಲು ವೆಲಿಕೋವ್ಸ್ಕಿ ಹಿಡಿದದ್ದು ಗ್ರೀಕರ ಜ್ಯೂಸ್ ದೇವರ ತಲೆಯಿಂದ ಅಥೀನಾ ಹುಟ್ಟಿದ ಕಥೆ. ಗ್ರೀಕರಿಗೇ ಶುಕ್ರನ ದೇವತೆ ಅಥೀನಾ ಅಲ್ಲ, ಅಫ್ರೋಡೈಟಿ! ಅಂದರೆ ಬೇಕಾದಾಗ ಕಥೆ ಸಾಕ್ಷಿ, ಬೇಡವಾದಾಗ ಸುಮ್ನೆ ಬಿಟ್ಟುಬಿಡುವುದು. ಸಾವಿರಾರು ಕಥೆ ಎದುರಿಗಿಟ್ಟುಕೊಂಡು ಹೀಗೆ ಆರಿಸಿದರೆ ಯಾವ ವಾದಕ್ಕೆ ಬೇಕಾದರೂ ಪುರಾವೆ ಸಿಗುತ್ತದೆ.

ನಂಬಿಕೆಯ ಮಾತಿಗೂ ಇದೇ ಉತ್ತರ. ವೆಲಿಕೋವ್ಸ್ಕಿಗೆ ನಿಜ ಮಾಡಿ ತೋರಿಸಬೇಕಾಗಿದ್ದದ್ದು ಮುಖ್ಯವಾಗಿ ಬೈಬಲ್ಲಿನ ಹಳೆಯ ಭಾಗವನ್ನು. ನಮ್ಮ ಕಥೆಗಳನ್ನು ಕರೆಸಿದ್ದು ಪಕ್ಕಸಾಕ್ಷಿಗೆ. ಇದರಲ್ಲಿ ನಮ್ಮ ಪುರಾಣಕ್ಕೆ ಯಾವ ಮರ್ಯಾದೆ ಹೆಚ್ಚಿತು ಅಂತ ಮಾವನವರನ್ನು ಕೇಳಿ.

ಇನ್ನು ಆಕಾಶದ ಸಾಕ್ಷಿ. ಬ್ಯಾಬಿಲೋನಿನ ಅಮ್ಮಿಸದುಕ ಎಂಬ ರಾಜನ ಕಾಲದಲ್ಲಿ ಶುಕ್ರ ಯಾವಾಗ ಕಂಡಿತು, ಯಾವಾಗ ಮರೆಯಾಯಿತು ಎಂದು 21 ವರ್ಷ ಬರೆದಿಟ್ಟಿದ್ದಾರೆ. ನಮಗೆ ಉಳಿದಿರುವ ಮಣ್ಣಿನ ಹಲಗೆಗಳು ಆಮೇಲಿನ ಪ್ರತಿಗಳು, ನಕಲು ಮಾಡುವಾಗ ಆದ ತಪ್ಪುಗಳೂ ಇವೆ. ಆದರೂ ಶುಕ್ರ ಎಂಟು ವರ್ಷಕ್ಕೆ ಐದು ಸುತ್ತಿನಂತೆ ಅದೇ ಜಾಗಕ್ಕೆ ಬರುವ ಲಯ ಅದರಲ್ಲಿ ಕಾಣುತ್ತದೆ. ಇವತ್ತೂ ಶುಕ್ರನ ಲಯ ಅದೇ. ಆ ರಾಜನ ಕಾಲ ಸಾಮಾನ್ಯವಾಗಿ ಕ್ರಿ.ಪೂ. 17ನೇ ಶತಮಾನ ಅನ್ನುತ್ತಾರೆ, ಅಂದರೆ ಶುಕ್ರ ‘ಬರುವುದಕ್ಕೂ’ ಮೊದಲು! ಇನ್ನೊಂದು ವಿಷಯ. ಅಂಡಲೆದು ಬಂದು ಡಿಕ್ಕಿ ಹೊಡೆಯುವಷ್ಟು ಹತ್ತಿರ ಹಾದುಹೋದ ಗ್ರಹದ ದಾರಿ ಉದ್ದುದ್ದ ಮೊಟ್ಟೆಯಾಕಾರ ಇರಬೇಕು. ಗ್ರಹಗಳಲ್ಲೆಲ್ಲ ಅತಿ ದುಂಡನೆಯ ದಾರಿ ಇರುವುದು ಶುಕ್ರನಿಗೇ.

ಶುಕ್ರ ಬಿಸಿಯಾಗಿರುತ್ತದೆ ಅಂತ ವೆಲಿಕೋವ್ಸ್ಕಿ ಮೊದಲೇ ಹೇಳಿದ್ದರು ಎಂದು ವೀಡಿಯೋಗಳು ಮೆರೆಸುತ್ತವೆ. ಹೇಳಿದ್ದು ಹೌದು, ಬಿಸಿ ಇರುವುದೂ ಹೌದು, ಸುಮಾರು 465 ಡಿಗ್ರಿ. ಕಾರಣ ಮಾತ್ರ ಬೇರೆ. ಅಲ್ಲಿನ ಗಾಳಿಯ ಒತ್ತಡ ನಮ್ಮದರ 90 ಪಟ್ಟಿಗಿಂತ ಜಾಸ್ತಿ, ಅದರಲ್ಲಿ ಶೇಕಡಾ 96 ಇಂಗಾಲದ ಡೈಆಕ್ಸೈಡ್. ಬಂದ ಬಿಸಿ ಹೊರಗೆ ಹೋಗುವುದಿಲ್ಲ. ಅವರು ಮೋಡದಲ್ಲಿ ಎಣ್ಣೆಯಂಥ ಹೈಡ್ರೋಕಾರ್ಬನ್ ಇದೆ ಅಂದಿದ್ದರು. ಸಿಕ್ಕಿದ್ದು ಗಂಧಕಾಮ್ಲ.

ವಜ್ರಾಯುಧದ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಎರಡು ಕಡೆ ಕವಲೊಡೆದ ವಜ್ರದ ಆಕಾರ ಪ್ರಯೋಗಾಲಯದ ಪ್ಲಾಸ್ಮಾ (ವಿದ್ಯುತ್ ಕಣಗಳಾಗಿ ಒಡೆದ ಅನಿಲ) ಕಿಡಿಯ ಹಾಗೆಯೇ ಇದೆ ಎನ್ನುತ್ತಾರೆ. ಆ ಆಕಾರ ಬಂದದ್ದು ತಡವಾಗಿ, ಹೆಚ್ಚಾಗಿ ಬೌದ್ಧ ಶಿಲ್ಪಗಳಲ್ಲಿ. ಋಗ್ವೇದದಲ್ಲಿ ವಜ್ರವನ್ನು ತ್ವಷ್ಟೃ ಮಾಡಿಕೊಟ್ಟದ್ದು. ಅದಕ್ಕೆ ಒಂದು ಕಡೆ ನಾಲ್ಕು ಮೂಲೆ, ಇನ್ನೊಂದು ಕಡೆ ನೂರು ಗೆಣ್ಣು, ಮತ್ತೊಂದು ಕಡೆ ಸಾವಿರ ಮೊನೆ. ಪುರಾಣಕ್ಕೆ ಬಂದರೆ ದಧೀಚಿಯ ಮೂಳೆ. ಕಣ್ಣಾರೆ ಕಂಡದ್ದನ್ನೇ ಬರೆದಿದ್ದರೆ ಇಷ್ಟು ಥರ ಆಗುತ್ತಿತ್ತೇ? ಮೊದಲ ಮಂಡಲದ 32ನೇ ಸೂಕ್ತ ಓದಿ ನೋಡಿ. ಇಂದ್ರ ವೃತ್ರನನ್ನು ಹೊಡೆದ ಮೇಲೆ ಆಗುವುದು ಏನು? ತಡೆದು ನಿಂತ ನೀರು ಹರಿಯುತ್ತದೆ. ಮೇ ತಿಂಗಳ ಸಂಜೆ ಸಿರ್ಸಿ ಘಟ್ಟದ ಮೇಲೆ ಗುಡುಗು ಕೇಳಿದವರಿಗೆ ಇದಕ್ಕೆ ಬೇರೆ ಗ್ರಹ ಬೇಕಾಗಿಲ್ಲ. ನಮ್ಮಲ್ಲಿ ಸಿಡಿಲು ಜಾಸ್ತಿ ಇರುವುದು ಏಪ್ರಿಲ್, ಮೇ ತಿಂಗಳಲ್ಲಿ. ಆಮೇಲೆ ಚಿತ್ತೆ, ಸ್ವಾತಿ ಮಳೆಯ ಹೊತ್ತಿಗೆ. ಜುಲೈನ ಜಡಿಮಳೆಯಲ್ಲಿ ಅಷ್ಟು ಇಲ್ಲ. ಗುಡುಗಿದಾಗ ಮಕ್ಕಳಿಂದ ‘ಅರ್ಜುನಃ ಫಲ್ಗುಣಃ ಪಾರ್ಥಃ’ ಹೇಳಿಸುವುದೂ ಇದೇ ನಂಟು. ಅರ್ಜುನ ಇಂದ್ರನ ಮಗ ತಾನೆ? (ಹೇಳಲಿ, ತೊಂದರೆಯಿಲ್ಲ. ಅಂಗಳದಲ್ಲಿ ನಿಂತು ಹೇಳುವುದು ಬೇಡ, ಒಳಗೆ ಬಂದು ಹೇಳಲಿ.)

ಹಾಗಾದರೆ ಈ ವಾದದಲ್ಲಿ ಏನೂ ಇಲ್ಲವೇ? ಇದೆ. ಬಾಹ್ಯಾಕಾಶದಲ್ಲಿ ಕರೆಂಟು ಹರಿಯುತ್ತದೆ ಅನ್ನುವುದು ಪೂರಾ ನಿಜ. ನಾರ್ವೆಯ ಕ್ರಿಸ್ಟಿಯನ್ ಬಿರ್ಕೆಲಾಂಡ್ ಸುಮಾರು 120 ವರ್ಷದ ಹಿಂದೆ ಒಂದು ಗಾಜಿನ ಪೆಟ್ಟಿಗೆಯ ಗಾಳಿ ತೆಗೆದು, ಒಳಗೆ ಅಯಸ್ಕಾಂತದ ಗುಂಡು ತೂಗುಹಾಕಿ, ಅದರತ್ತ ಎಲೆಕ್ಟ್ರಾನ್ ಹರಿಸಿದರು. ಗುಂಡಿನ ಎರಡು ಧ್ರುವದ ಸುತ್ತ ಬೆಳಕಿನ ಬಳೆ ಎದ್ದಿತು. ಧ್ರುವಗಳ ಕಡೆ ಆಕಾಶದಲ್ಲಿ ಕಾಣುವ ಬಣ್ಣದ ಬೆಳಕು, ಅಂದರೆ ಧ್ರುವಪ್ರಭೆ, ಆಗುವುದು ಹೀಗೆಯೇ, ಸೂರ್ಯನ ಕಡೆಯಿಂದ ಬರುವ ವಿದ್ಯುತ್ ಕಣಗಳಿಂದ ಅಂದರು. ದೊಡ್ಡ ದೊಡ್ಡವರು ನಂಬಲಿಲ್ಲ. ಅವರು ತೀರಿಕೊಂಡದ್ದು 1917ರಲ್ಲಿ. 1960, 70ರ ದಶಕದಲ್ಲಿ ಉಪಗ್ರಹಗಳು ಹಾರಿ ಅಳೆದಾಗ ಆ ಕರೆಂಟು ಇತ್ತು. ಈಗ ಅದಕ್ಕೆ ಅವರದ್ದೇ ಹೆಸರು. ಸ್ವೀಡನ್ನಿನ ಹಾನ್ನೆಸ್ ಆಲ್ಫ್ವೆನ್ ಪ್ಲಾಸ್ಮಾ ಮತ್ತು ಕಾಂತಕ್ಷೇತ್ರದ ಲೆಕ್ಕಕ್ಕೆ 1970ರಲ್ಲಿ ನೊಬೆಲ್ ಪಡೆದರು. 1859ರ ಸೌರ ಬಿರುಗಾಳಿಗೆ ಮುಂಬೈನ ಕೊಲಾಬಾ ವೀಕ್ಷಣಾಲಯದ ಕಾಂತಮಾಪಕವೂ ಕುಣಿದಿತ್ತು. 2024ರ ಮೇ ತಿಂಗಳಲ್ಲಿ ಲಡಾಖಿನ ಹಾನ್ಲೆಯ ಆಕಾಶ ಕೆಂಪಾದದ್ದೂ ಅಂಥದ್ದೇ ಬಿರುಗಾಳಿಯಿಂದ.

ಬಿರ್ಕೆಲಾಂಡರನ್ನೂ ನಕ್ಕಿದ್ದರು, ನಮ್ಮನ್ನೂ ನಗುತ್ತಾರೆ ಎನ್ನುವುದು ವೀಡಿಯೋದವರ ನೆಚ್ಚಿನ ಮಾತು. ಬಿರ್ಕೆಲಾಂಡ್ ಗೆದ್ದದ್ದು ಜನ ನಕ್ಕಿದ್ದರಿಂದ ಅಲ್ಲ, ಅಳತೆಯಿಂದ. ಇವರ ಸೂರ್ಯನನ್ನೂ ಅಳತೆಗೇ ಹಚ್ಚೋಣ.

ಸೂರ್ಯನ ನಡುವಿನಲ್ಲಿ ಹೈಡ್ರೋಜನ್ ಬೆಸೆದು ಹೀಲಿಯಂ ಆಗುತ್ತಿದ್ದರೆ ನ್ಯೂಟ್ರಿನೋ ಎಂಬ ಕಣ ಹುಟ್ಟಲೇಬೇಕು. ಕರೆಂಟಿನಿಂದ ಹೊರಮೈ ಮಾತ್ರ ಬೆಳಗುತ್ತಿದ್ದರೆ ಅಷ್ಟು ನ್ಯೂಟ್ರಿನೋ ಇರಬಾರದು. ಲೆಕ್ಕದ ಪ್ರಕಾರ ನಿಮ್ಮ ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಸೆಕೆಂಡಿಗೆ ಸುಮಾರು 6500 ಕೋಟಿ ನ್ಯೂಟ್ರಿನೋ ಹಾಯಬೇಕು, ರಾತ್ರಿಯೂ ಭೂಮಿಯನ್ನೇ ತೂರಿಕೊಂಡು. ಅಂಥ ಕಣ ಹಿಡಿಯುವುದು ಸುಲಭ ಅಲ್ಲ. ಗಾಳಿಗೆ ಬಾಹ್ಯಾಕಾಶದಿಂದ ಬರುವ ವಿಶ್ವಕಿರಣ ಬಡಿದು ಹುಟ್ಟುವ ನ್ಯೂಟ್ರಿನೋಗಳನ್ನು ಜಗತ್ತಿನಲ್ಲೇ ಮೊದಲು ಕಂಡ ಜಾಗಗಳಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯೂ ಒಂದು, 1965ರಲ್ಲಿ, 2 ಕಿಲೋಮೀಟರಿಗೂ ಜಾಸ್ತಿ ಆಳದಲ್ಲಿ. ಕೈಗಾದ ರಿಯಾಕ್ಟರುಗಳಿಂದಲೂ ಇದೇ ಜಾತಿಯ ಕಣ ಹೊರಬೀಳುತ್ತಲೇ ಇರುತ್ತದೆ.

1960ರ ದಶಕದ ಕೊನೆಯಿಂದ ಅಮೆರಿಕದ ಹೋಮ್‌ಸ್ಟೇಕ್ ಗಣಿಯಲ್ಲಿ ರೇಮಂಡ್ ಡೇವಿಸ್ ಸೂರ್ಯನ ನ್ಯೂಟ್ರಿನೋ ಎಣಿಸಿದರು. ಲೆಕ್ಕದ ಮೂರನೇ ಒಂದು ಪಾಲು ಮಾತ್ರ ಸಿಕ್ಕಿತು. ವಿದ್ಯುತ್ ಸೂರ್ಯನ ಕಡೆಯವರಿಗೆ ಹಬ್ಬ! ಅಮೆರಿಕದ ಇಂಜಿನಿಯರ್ ರಾಲ್ಫ್ ಜರ್ಗೆನ್ಸ್ ಹೊರಗಿನ ಕರೆಂಟಿನ ಸೂರ್ಯನನ್ನು ಮುಂದಿಟ್ಟದ್ದು 1970ರ ದಶಕದಲ್ಲೇ. ಆಗ ಅದು ತೀರಾ ಹುಚ್ಚು ಮಾತೇನೂ ಆಗಿರಲಿಲ್ಲ, ಭೌತಶಾಸ್ತ್ರಜ್ಞರೂ ತಲೆ ಕೆರೆದುಕೊಳ್ಳುತ್ತಿದ್ದರು. ಉತ್ತರ ಬಂದದ್ದು 2001, 2002ರಲ್ಲಿ, ಕೆನಡಾದ ಸಡ್ಬರಿ ಗಣಿಯಿಂದ. ನ್ಯೂಟ್ರಿನೋದಲ್ಲಿ ಮೂರು ಬಗೆ, ದಾರಿಯಲ್ಲಿ ಒಂದು ಇನ್ನೊಂದಾಗಿ ಬದಲಾಗುತ್ತದೆ. ಡೇವಿಸರ ತೊಟ್ಟಿ ಹಿಡಿಯುತ್ತಿದ್ದದ್ದು ಒಂದೇ ಬಗೆಯನ್ನು. ಮೂರನ್ನೂ ಸೇರಿಸಿ ಎಣಿಸಿದಾಗ ಸೂರ್ಯನ ಲೆಕ್ಕ ತಾಳೆಯಾಯಿತು. ಈ ಬದಲಾವಣೆ ಕಂಡುಹಿಡಿದದ್ದಕ್ಕೆ 2015ರ ನೊಬೆಲ್. ವಿದ್ಯುತ್ ಸೂರ್ಯನ ಅತಿ ಗಟ್ಟಿ ಆಧಾರ ಅಲ್ಲಿಗೆ ಕುಸಿಯಿತು. ವೀಡಿಯೋಗಳು ಮಾತ್ರ ಇನ್ನೂ 1990ರಲ್ಲೇ ಇವೆ.

ಮಾವನವರು ಇಂಜಿನಿಯರ್ ಅಂದಿರಿ. ಹಾಗಿದ್ದರೆ ವಾದ ಬೇಡ, ಒಂದು ಪೆನ್ಸಿಲ್ ಕೊಡಿ. ಸೂರ್ಯನಿಂದ ಹೊರಬರುವ ಶಕ್ತಿ ಸುಮಾರು 3.8 ಗುಣಿಲೆ ಹತ್ತರ 26ನೇ ಘಾತ ವಾಟ್. ಇಷ್ಟೂ ಹೊರಗಿನ ಕರೆಂಟಿನಿಂದ ಬರಬೇಕು. ವೋಲ್ಟೇಜ್ ಎಷ್ಟಿಡೋಣ? ಧಾರಾಳವಾಗಿ 100 ಕೋಟಿ ವೋಲ್ಟ್ ಇಡಿ. ವಾಟನ್ನು ವೋಲ್ಟಿನಿಂದ ಭಾಗಿಸಿದರೆ 3.8 ಗುಣಿಲೆ ಹತ್ತರ 17ನೇ ಘಾತ ಆಂಪಿಯರ್. ಆ ಕರೆಂಟು ಅವರು ಹೇಳುವ ಹಾಗೆ ಹಗ್ಗದಂಥ ದಾರಿಯಲ್ಲಿ ಸೂರ್ಯನನ್ನು ಹೊಕ್ಕರೆ ಅದರ ಸುತ್ತ ಕಾಂತಕ್ಷೇತ್ರ ಏಳಲೇಬೇಕು, ಬೀದಿಯ ತಂತಿಗೂ ಅದೇ ನಿಯಮ. ಭೂಮಿಯಷ್ಟು ದೂರದಲ್ಲಿ ಅದು ಸುಮಾರು ಅರ್ಧ ಟೆಸ್ಲಾ ಆಗುತ್ತದೆ (ಟೆಸ್ಲಾ ಅಂದರೆ ಕಾಂತಕ್ಷೇತ್ರದ ಅಳತೆ). ಭೂಮಿಯ ಸ್ವಂತ ಕಾಂತಕ್ಷೇತ್ರದ ಹತ್ತು ಸಾವಿರ ಪಟ್ಟಿಗೂ ಜಾಸ್ತಿ! ಕಾರವಾರ ಬಂದರಿಗೆ ಬರುವ ಯಾವ ಹಡಗಿನ ದಿಕ್ಸೂಚಿಯೂ ಉತ್ತರ ತೋರಿಸುವುದಿಲ್ಲ. ನಿಜವಾಗಿ ಅಳೆದರೆ ಸೂರ್ಯನಿಂದ ಇಷ್ಟು ದೂರದ ಬಾಹ್ಯಾಕಾಶದ ಬಯಲಿನಲ್ಲಿ ಇರುವುದು ಸಾಮಾನ್ಯವಾಗಿ 5 ನ್ಯಾನೋಟೆಸ್ಲಾ (ಟೆಸ್ಲಾದ ನೂರು ಕೋಟಿಯಲ್ಲಿ ಐದು ಪಾಲು) ಆಸುಪಾಸು, ಹತ್ತು ಕೋಟಿ ಪಟ್ಟು ಕಡಿಮೆ. ವೋಲ್ಟೇಜನ್ನು ಹತ್ತು ಪಟ್ಟು ಏರಿಸಿದರೂ ಒಂದು ಕೋಟಿ ಪಟ್ಟಿನ ವ್ಯತ್ಯಾಸ ಉಳಿಯುತ್ತದೆ.

ಹಗ್ಗದಂತಲ್ಲ, ಎಲ್ಲ ದಿಕ್ಕಿನಿಂದ ಸಮನಾಗಿ ಬರುತ್ತದೆ ಅನ್ನಬಹುದು. ಆಗ ಕಾಂತಕ್ಷೇತ್ರದಿಂದ ತಪ್ಪಿಸಿಕೊಳ್ಳುತ್ತಾರೆ, ಸರಿ. ಆದರೆ ಸೂರ್ಯನತ್ತ ಓಡುವ ಎಲೆಕ್ಟ್ರಾನುಗಳ ಹೊಳೆ ಕಾಣಬೇಕು. ಅದೇ 100 ಕೋಟಿ ವೋಲ್ಟಿಗೆ ಲೆಕ್ಕ ಹಾಕಿದರೆ, ಸೂರ್ಯನಿಂದ ಹೊರಬೀಸುವ ಸೌರಮಾರುತದ ಸುಮಾರು ನಾಲ್ಕು ಪಟ್ಟು ಕಣ ಒಳಮುಖವಾಗಿ ಬರಬೇಕು. ನಮ್ಮದೇ ಆದಿತ್ಯ-ಎಲ್1 ನೌಕೆ 2024ರ ಜನವರಿ 6ರಿಂದ ಭೂಮಿಗಿಂತ 15 ಲಕ್ಷ ಕಿಲೋಮೀಟರ್ ಸೂರ್ಯನ ಕಡೆಗೆ ನಿಂತಿದೆ. ಅದರಲ್ಲಿ ಸೌರಮಾರುತದ ಕಣ ಅಳೆಯುವ ಎರಡು ಉಪಕರಣ ಇವೆ, ಕಾಂತಮಾಪಕವೂ ಇದೆ. ಅಲ್ಲಿ ಸಿಗುವುದು ಪ್ರೋಟಾನ್, ಎಲೆಕ್ಟ್ರಾನ್ ಎರಡೂ ಜೊತೆಜೊತೆಗೆ, ಸೆಕೆಂಡಿಗೆ ಸುಮಾರು 400 ಕಿಲೋಮೀಟರ್ ವೇಗದಲ್ಲಿ ಹೊರಕ್ಕೆ ಹೋಗುವ ಗಾಳಿ.

ಈ ಎರಡರಲ್ಲಿ ಯಾವ ದಾರಿ ಅಂತ ಮಾವನವರು ಮೊದಲು ಒಂದನ್ನು ಆರಿಸಲಿ. ಆಮೇಲೆ ವೋಲ್ಟೇಜ್ ಎಷ್ಟು ಅಂತ ಒಂದು ಸಂಖ್ಯೆ ಬರೆದು ಕೊಡಲಿ. ವೀಡಿಯೋಗಳಲ್ಲಿ ಆ ಸಂಖ್ಯೆ ಬಿಟ್ಟು ಬಾಕಿ ಎಲ್ಲ ಇರುತ್ತದೆ. ಇಸ್ರೋ ಆದಿತ್ಯದ ದತ್ತಾಂಶವನ್ನು ಸಾರ್ವಜನಿಕರಿಗೆ ಬಿಟ್ಟಿದೆ, ನೀವು ಬಿಎಸ್ಸಿಯವರು ಇಳಿಸಿಕೊಂಡು ಪಕ್ಕದಲ್ಲಿಟ್ಟು ನೋಡಬಹುದು. ಅವರು ಬರೆದುಕೊಟ್ಟ ಸಂಖ್ಯೆಯನ್ನು ನನಗೂ ಕಳಿಸಿ, ಲೆಕ್ಕ ಸೇರಿಯೇ ಮಾಡೋಣ.